ಆವಿ ಮೇಲಕ್ಕೆ, ಡಬ್ಬಿ ಹೊರಕ್ಕೆ

ಕತ್ತಲೆ ಅಂದರೆ ವಲ್ಕೆಲಾ ಊರಿನ ಕತ್ತಲೆ. ಬೇರೆ ಊರುಗಳದ್ದೆಲ್ಲ ಬರೀ ನೆರಳು. ಫಿನ್ಲೆಂಡಿನ ಈ ಮೂಲೆಗೆ ಡಿಸೆಂಬರ್ ಬಂತೆಂದರೆ, ಸೂರ್ಯ ತಪ್ಪಿ ಯಾರದೋ ಮನೆ ಬಾಗಿಲು ತಟ್ಟಿದವನ ಹಾಗೆ ಒಮ್ಮೆ ಇಣುಕಿ, ನಾಚಿಕೊಂಡು ಹೊರಟುಬಿಡುತ್ತಾನೆ. ಮಧ್ಯಾಹ್ನದ ಕಾಫಿ ಸೋಸುವಷ್ಟರಲ್ಲಿ ಕತ್ತಲೆ ಎಷ್ಟು ಗಟ್ಟಿಯಾಗುತ್ತದೆಂದರೆ, ರೊಟ್ಟಿ ಕೊಯ್ಯುವ ಚಾಕುವಿನಿಂದ ಒಂದು ಹೋಳು ಕೊಯ್ದು ಬೆಣ್ಣೆ ಸವರಿ ತಿನ್ನಬಹುದು. ಊರ ನಾಯಿಗಳು ತಮ್ಮ ಬಾಲ ಯಾವುದು, ಪಕ್ಕದ ಮನೆ ನಾಯಿಯ ಬಾಲ ಯಾವುದು ಅಂತ ತಿಳಿಯದೆ ಅಲ್ಲಾಡಿಸುವುದನ್ನೇ ಬಿಟ್ಟಿರುತ್ತವೆ.

ಇಂಥ ಊರಿನಲ್ಲಿ ಓಯ್ವಾ ಎಂಬ ಮುದುಕನಿದ್ದ. ಅವನಿಗೊಂದು ಸೌನಾ ಇತ್ತು. ಕೆರೆಯ ದಂಡೆಯ ಮೇಲೆ ತನ್ನ ಕೈಯಾರೆ ಕಟ್ಟಿದ, ಒಲೆಯ ಮೇಲೆ ಕಲ್ಲು ಕಾಯಿಸಿ ಬೆವರಿಳಿಸುವ ಮರದ ಸ್ನಾನದ ಮನೆ. ಆ ಸೌನಾ ಕಾದರೆ ಕೆರೆಯ ಮೀನುಗಳು ಆಚೆ ದಡಕ್ಕೆ ಗುಳೆ ಹೋಗುತ್ತಿದ್ದವು. ಸೈತಾನನೇ ಒಮ್ಮೆ ಒಳಗೆ ಬಂದು, “ಸ್ವಲ್ಪ ಬಾಗಿಲು ತೆಗೀತೀಯಾ ಓಯ್ವಾ?” ಅಂತ ಅಂಗಲಾಚಿದ್ದನಂತೆ. ಇದನ್ನು ಹೇಳಿದವನು ಓಯ್ವಾ. ಸಾಕ್ಷಿಯೂ ಓಯ್ವಾನೇ.

ಆದರೆ ಬೇರೊಂದು ಮಾತು ಊರಿಗೆಲ್ಲ ಗೊತ್ತಿತ್ತು. ಸೌನಾ ಓಯ್ವಾನದ್ದು, ಲೋಯ್ಲು ಅವನ ಹೆಂಡತಿ ಸಾಯ್ಮಿಯದು. ಕಾದ ಕಲ್ಲಿನ ಮೇಲೆ ಸೌಟಿನಲ್ಲಿ ನೀರು ಹಾಕಿದಾಗ ಬುಸ್ಸೆಂದು ಏಳುವ ಆವಿಗೆ ನಮ್ಮಲ್ಲಿ ಲೋಯ್ಲು ಅನ್ನುತ್ತಾರೆ. ಅದು ಬರೀ ಆವಿಯಲ್ಲ, ಸೌನಾದ ಉಸಿರು. ಸಾಯ್ಮಿ ನೀರು ಹಾಕಿದರೆ ಆ ಉಸಿರು ಹೆಗಲ ಮೇಲೆ ರೇಷ್ಮೆ ಶಾಲು ಹೊದಿಸಿದಂತೆ ಬರುತ್ತಿತ್ತು. ಓಯ್ವಾ ಹಾಕಿದರೆ ಕುದುರೆ ಒದ್ದಂತೆ ಬರುತ್ತಿತ್ತು.

ಹೋದ ಚಳಿಗಾಲ ಸಾಯ್ಮಿ ಸೌನಾದೊಳಗೆ ಕೂರಲು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಜಗಲಿಯ ಮೇಲೆ ಕಾಲು ಜಾರಿ ಬಿದ್ದಳು. ಒಳಗೆ ಇದ್ದದ್ದು ಒಂದು ಮಿಣಿಮಿಣಿ ಲಾಟೀನು. ಒದ್ದೆ ಹಲಗೆ ಕಾಣಲಿಲ್ಲ. ಕಾಲಿನ ಗಿಣ್ಣು ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಸಾಯ್ಮಿಯ ಮಾತು ಗಟ್ಟಿಯಾಯಿತು:

“ಮೆಟ್ಟಿಲು ಕಣ್ಣಿಗೆ ಕಾಣೋವರೆಗೂ ನಾನು ಆ ಗುಹೆಗೆ ಕಾಲಿಡಲ್ಲ. ಮನೇಲಿ ಷವರ್ ಇದೆ, ಅಷ್ಟು ಸಾಕು.”

ಅಂದಿನಿಂದ ಓಯ್ವಾ ಒಬ್ಬನೇ ಬೆವರುತ್ತಿದ್ದ. ತಾನೇ ನೀರು ಹಾಕಿಕೊಳ್ಳುತ್ತಿದ್ದ, ತಾನೇ ಒದೆಸಿಕೊಳ್ಳುತ್ತಿದ್ದ. ಬಾಯಲ್ಲಿ ಏನೂ ಹೇಳದಿದ್ದರೂ ಮನಸ್ಸಿನಲ್ಲಿ ಒಂದೇ ಚಿಂತೆ. ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ಮಾಡದ ಕ್ರಿಸ್‌ಮಸ್ ಸೌನಾ ಒಂದೂ ಇರಲಿಲ್ಲ. ಈ ವರ್ಷ ಸಾಯ್ಮಿ ಬರದೇ ಹೋದರೆ? ಹಬ್ಬದ ದಿನ ಪಕ್ಕದ ಜಾಗ ಖಾಲಿ ಇಟ್ಟುಕೊಂಡು ಕೂರುವುದು ಹೇಗೆ?

“ಎಲ್‌ಇಡಿ ಪಟ್ಟಿ ಹಾಕ್ತೀನಿ,” ಎಂದು ಒಂದು ದಿನ ಘೋಷಿಸಿದ. “ಜಗಲಿ ಕೆಳಗೆ, ಮೆಟ್ಟಿಲ ಉದ್ದಕ್ಕೂ. ಚಂದ್ರಲೋಕದಿಂದ ನೋಡಿದ್ರೂ ಕಾಣ್ಬೇಕು.”

ಬೇಲಿಯಾಚೆ ಹಿಮ ಬಾಚುತ್ತಿದ್ದ ತುವೋವಿಯ ಕಿವಿಗೆ ಇದು ಬಿತ್ತು. ತುವೋವಿ ಪಕ್ಕದ ಮನೆಯವಳು, ಪೇಟೆಯ ಸಂಜೆ ಶಾಲೆಯಲ್ಲಿ ವಿದ್ಯುತ್ ಕೆಲಸ ಕಲಿಸುವವಳು. ಅವಳ ದನಿಗೆ ಮೈಕು ಬೇಡ. ಅವಳು ಸೀನಿದರೆ ಕೆರೆಯ ಮಂಜುಗಡ್ಡೆ ಬಿರುಕು ಬಿಡುತ್ತಿತ್ತು.

“ಓಯ್ವಾ! ಯಾವ ಡ್ರೈವರ್ ಹಾಕ್ತಿದೀಯ?”

“ಡ್ರೈವರಾ? ನನ್ನ ಟ್ರ್ಯಾಕ್ಟರ್‌ಗೇ ಡ್ರೈವರ್ ಇಟ್ಟಿಲ್ಲ, ದೀಪಕ್ಕೆ ಇಡ್ತೀನಾ?”

“ಜಂಬ ಬಿಡು ಮಾರಾಯ. ಗೋಡೆಯ ಕರೆಂಟನ್ನ ದೀಪಕ್ಕೆ ಒಗ್ಗೋ ಹಾಗೆ ಇಳಿಸಿ ಕೊಡೋ ಡಬ್ಬಿ. ದೀಪ ಯಾವುದು ಅಂತ ನೋಡ್ಕೊಂಡು ಅದನ್ನ ಆರಿಸ್ಬೇಕು. ಸಾಯಂಕಾಲ ಬಾ, ಹೇಳ್ತೀನಿ.”

“ಡಬ್ಬಿ ಅಂದ್ರೆ ಡಬ್ಬಿ ಕಣೇ. ತಂತಿ ಒಳಗೆ ಹೋಗುತ್ತೆ, ತಂತಿ ಹೊರಗೆ ಬರುತ್ತೆ. ಅದಕ್ಕೂ ಪಾಠ ಬೇಕಾ? ನನ್ನ ಹತ್ರ ಒಂದು ಪೆಟ್ಟಿಗೆ ತುಂಬಾ ಇವೆ.”

ಇದೊಂದು ಮಾತ್ರ ಸುಳ್ಳಲ್ಲ. ಓಯ್ವಾನ ಕೊಟ್ಟಿಗೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಿತ್ತು. ವಲ್ಕೆಲಾದಲ್ಲಿ ಪ್ರಾಣಬಿಟ್ಟ ಪ್ರತಿಯೊಂದು ಯಂತ್ರದ ಬಾಲವೂ ಅದರಲ್ಲಿ ಸುತ್ತಿಕೊಂಡು ಮಲಗಿತ್ತು. ರೇಡಿಯೋದ್ದು, ಗಡ್ಡ ಬೋಳಿಸುವ ಯಂತ್ರದ್ದು, ಯಾರದೋ ಮೊಮ್ಮಗಳ ಕೀಬೋರ್ಡಿನದು. ನಮ್ಮವರು ಯಂತ್ರ ಎಸೆದಾರು, ಅಡಾಪ್ಟರ್ ಎಸೆಯುವವರಲ್ಲ.

ಮೊದಲು ಓಯ್ವಾ ಅಡುಗೆಮನೆಯ ಹಳೇ ಹ್ಯಾಲೋಜನ್ ದೀಪದ ಡಬ್ಬಿ ತೆಗೆದ. ಅದರ ಮೇಲೆ ಹನ್ನೆರಡು ವೋಲ್ಟ್ ಅಂತಿತ್ತು, ಪಟ್ಟಿಯ ಮೇಲೂ ಹನ್ನೆರಡು ವೋಲ್ಟ್ ಅಂತಿತ್ತು. “ಜಾತಕ ಕೂಡಿತು!” ಅಂದು ಜೋಡಿಸಿದ. ದೀಪ ಹತ್ತಿತು. ಹತ್ತಿದ್ದೇನು, ಕುಣಿಯತೊಡಗಿತು. ಪಟಪಟ ಪಟಪಟ. ಸೌನಾದೊಳಗೆ ಮಿಂಚಿನ ಮಳೆಗಾಲ. ಕಲ್ಲೊಲೆಗೂ ತಲೆ ಸುತ್ತಿ ಬಂತು.

ಸಾಯ್ಮಿ ಬಾಗಿಲಲ್ಲಿ ನಿಂತು ಇಣುಕಿದಳು. “ಇದೇನು ಸೌನಾನೋ, ಹುಡುಗರ ಡಿಸ್ಕೋನೋ? ನಾನು ಬೆವರೋಕೆ ಬರ್ಬೇಕಾ, ಕುಣಿಯೋಕೆ ಬರ್ಬೇಕಾ?”

ಮರುದಿನ ಓಯ್ವಾ ಸಿಟ್ಟಿನಲ್ಲಿ ಇನ್ನೂ ದಪ್ಪನೆಯ ಡಬ್ಬಿ ಹುಡುಕಿದ. ಇಪ್ಪತ್ತನಾಲ್ಕು ವೋಲ್ಟಿನದು. “ಎರಡು ಪಟ್ಟು ವೋಲ್ಟು, ಎರಡು ಪಟ್ಟು ಬೆಳಕು!” ಬೆಳಕು ನಿಜಕ್ಕೂ ಬಂತು. ಎಂಥ ಬೆಳಕು ಅಂತೀರಿ! ವಲ್ಕೆಲಾದ ಕೋಳಿಗಳು ಬೆಳಗಾಯಿತೆಂದು ಕೂಗಿದವು, ಕರಡಿಗಳು ಚಳಿಗಾಲದ ನಿದ್ದೆ ಮುಗಿಯಿತೆಂದು ಹಲ್ಲುಜ್ಜಿದವು. ಅವು ಬಾಯಿ ಮುಕ್ಕಳಿಸುವ ಮೊದಲೇ ಪಟ್ಟಿ ಚುರ್ ಎಂದು ಸುಟ್ಟು ಕಪ್ಪಾಯಿತು. ಸೌನಾ ತುಂಬ, ಬೆವರುವಾಗ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಪರಿಮಳದ ಬದಲು ಸುಟ್ಟ ರಬ್ಬರಿನ ನಾತ.

ಹೊಸ ಪಟ್ಟಿ ತಂದ. ಈ ಸಲ ಪೆಟ್ಟಿಗೆಯನ್ನು ತಳದವರೆಗೆ ಕೆದಕಿ, ಹನ್ನೆರಡು ವೋಲ್ಟಿನ ಒಂದು ಪುಟಾಣಿ ಅಡಾಪ್ಟರ್ ಹಿಡಿದ. ದೀಪ ಹತ್ತಿತು. ಕುಣಿಯಲಿಲ್ಲ, ಸುಡಲಿಲ್ಲ. ಜಗಲಿಯ ಕೆಳಗೆ ಬೆಣ್ಣೆ ಬಣ್ಣದ ಬೆಳಕು ತಣ್ಣಗೆ ಕೂತಿತು. ಡಬ್ಬಿ ಕಣ್ಣಿಗೆ ಕಾಣಬಾರದೆಂದು ಓಯ್ವಾ ಅದನ್ನು ಸೌನಾದ ಛಾವಣಿಯ ಮೂಲೆಯಲ್ಲಿ, ಮೇಲ್ಜಗಲಿಯ ನೆತ್ತಿಗೆ ಸರಿಯಾಗಿ, ಒಂದು ಹಲಗೆಯ ಹಿಂದೆ ಅಡಗಿಸಿಟ್ಟ. ಆಮೇಲೆ ಸಾಯ್ಮಿಯನ್ನು ಕರೆದ.

ಸಾಯ್ಮಿ ಟವೆಲ್ ಸುತ್ತಿಕೊಂಡು ಬಂದಳು. ಕೆಳಗಿನ ಮೆಟ್ಟಿಲು ನೋಡಿದಳು. ಹಲಗೆಯ ಅಂಚು ಕಂಡಿತು, ಮರದ ಗಂಟು ಕಂಡಿತು. ಮುಖ ಸ್ವಲ್ಪ ಅರಳಿತು. “ಪರವಾಗಿಲ್ಲ ಕಣಯ್ಯ ಮುದುಕಾ,” ಅಂದಳು. ಓಯ್ವಾನ ಎದೆ ಎಷ್ಟು ಉಬ್ಬಿತೆಂದರೆ ಸೌನಾದ ಮರದ ಗೋಡೆ ಕಿರುಗುಟ್ಟಿತು. ಸಾಯ್ಮಿ ಒಂದು ಕಾಲು ಮೆಟ್ಟಿಲ ಮೇಲಿಟ್ಟಳು, ಇನ್ನೊಂದು ಕಾಲು ಎತ್ತಿದಳು.

ದೀಪ ಹೋಯಿತು.

ಕತ್ತಲೆ. ಸಾಯ್ಮಿ ಒಂಟಿ ಕಾಲಲ್ಲಿ. “ಓಯ್ವಾ!” ಅನ್ನುವ ಆ ಕೂಗಿನಲ್ಲಿ ತಮಾಷೆಯಿರಲಿಲ್ಲ. ಅವನು ತಡಕಾಡಿ ಅವಳ ಮೊಣಕೈ ಹಿಡಿದ. ಬೀಳಲಿಲ್ಲ. ಎತ್ತಿದ ಕಾಲನ್ನು ತಡವುತ್ತ ನೆಲಕ್ಕಿಳಿಸಿದಳು.

“ಸಾಕು,” ಅಂದಳು ಸಾಯ್ಮಿ ಮೆಲ್ಲಗೆ. “ನನಗೆ ಮನೇನೇ ಸಾಕು.” ಟವೆಲ್ ಬಿಗಿದುಕೊಂಡು ಹೊರಟುಹೋದಳು.

ಸಾಯ್ಮಿ ಬೈದಿದ್ದರೆ ಓಯ್ವಾ ತಡೆದುಕೊಳ್ಳುತ್ತಿದ್ದ. ಮೆಲ್ಲಗೆ ಮಾತಾಡಿದ್ದು ತಡೆಯಲಾಗಲಿಲ್ಲ. ಅಡಾಪ್ಟರನ್ನು ಕಿತ್ತು ಪಟ್ಟಿಯ ಪೊಟ್ಟಣದ ಜೊತೆ ಜೇಬಿಗಿಳಿಸಿ, ಬೂಟು ಮೆಟ್ಟಿ, ಮೀಸೆಯ ಮೇಲೆ ಹೆಪ್ಪುಗಟ್ಟಿದ ಜಂಬ ಒರೆಸಿಕೊಂಡು, ನೇರ ತುವೋವಿಯ ಮನೆಗೆ ಹೋದ.

ತುವೋವಿ ಕಾಫಿ ಸುರಿದು, ಏಲಕ್ಕಿ ಬನ್ನಿನ ತಟ್ಟೆ ಮುಂದಿಟ್ಟು, ಗಂಟಲು ಸರಿಮಾಡಿಕೊಂಡಳು. ಗಾಜಿನ ಲೋಟಗಳು ಹೆದರಿ ಒಂದಕ್ಕೊಂದು ಅಂಟಿಕೊಂಡವು.

“ಏನು, ಟ್ರ್ಯಾಕ್ಟರ್ ಸಾಹೇಬ್ರು ಇಲ್ಲಿಗೆ ಬಂದ್ರಲ್ಲ?”

“ಹಂಗಿಸ್ಬೇಡ ತುವೋವಿ. ದೀಪ ಕೈಕೊಡ್ತು. ಸಾಯ್ಮಿ ಮತ್ತೆ ಬೀಳೋದ್ರಲ್ಲಿದ್ಲು.”

ತುವೋವಿಯ ನಗು ನಿಂತಿತು. “ಹಾಗಾದ್ರೆ ಕೂತ್ಕೊ, ಒಂದೊಂದಾಗಿ ಹೇಳ್ತೀನಿ. ಮೊದಲನೇ ಡಬ್ಬಿ ಯಾಕೆ ಕುಣೀತು ಗೊತ್ತಾ? ಹ್ಯಾಲೋಜನ್ ಡಬ್ಬಿ ಕೊಡೋದು ಎ.ಸಿ. ಕರೆಂಟು, ಹಿಂದೆ ಮುಂದೆ ತೂಗಾಡೋದು. ಎಲ್‌ಇಡಿ ಪಟ್ಟಿಗೆ ಬೇಕಾದ್ದು ಡಿ.ಸಿ., ಒಂದೇ ಕಡೆ ಹರಿಯೋದು. ವೋಲ್ಟು ಒಂದೇ ಇದ್ರೆ ಸಾಲದು. ಡಬ್ಬಿಯಿಂದ ಹೊರಗೆ ಬರೋದು ಡಿ.ಸಿ. ಅಂತ ಬರೆದಿರ್ಬೇಕು.”

“ಎರಡನೇದು?”

“ಅದು ಹುಚ್ಚುತನ. ಹನ್ನೆರಡರ ಪಟ್ಟಿಗೆ ಹನ್ನೆರಡೇ ವೋಲ್ಟು, ಇಪ್ಪತ್ತನಾಲ್ಕರದ್ದಕ್ಕೆ ಇಪ್ಪತ್ತನಾಲ್ಕೇ. ಹೆಚ್ಚು ಕೊಟ್ರೆ ಸುಡುತ್ತೆ, ಕಮ್ಮಿ ಕೊಟ್ರೆ ಮಂಕಾಗುತ್ತೆ. ನಿನ್ನ ಪಟ್ಟಿ ಎಷ್ಟು ಉದ್ದ?”

“ನಾಲ್ಕು ಮೀಟರ್.”

“ಮೀಟರ್‌ಗೆ ಎಷ್ಟು ವ್ಯಾಟ್?”

ಓಯ್ವಾ ಜೇಬಿನಿಂದ ಪಟ್ಟಿಯ ಪೊಟ್ಟಣ ತೆಗೆದು, ಕಣ್ಣು ಕಿರಿದು ಮಾಡಿ ಓದಿದ. “ಹತ್ತು.”

“ಅಂದ್ರೆ ಒಟ್ಟು ನಲವತ್ತು. ಆ ಪುಟಾಣಿ ಅಡಾಪ್ಟರ್ ಎಷ್ಟು ಕೊಡುತ್ತೆ?”

ಅದನ್ನೂ ತೆಗೆದು ಓದಿದ. ದನಿ ಕುಗ್ಗಿತು. “ಇಪ್ಪತ್ತನಾಲ್ಕು ವ್ಯಾಟ್.”

“ನೋಡು! ಬೆಕ್ಕಿನ ಮರಿಗೆ ಮರದ ದಿಮ್ಮಿ ಎಳೆಯೋಕೆ ಕಟ್ಟಿದೀಯ. ನಲವತ್ತು ಬೇಕಾದ್ರೆ ಐವತ್ತಕ್ಕೆ ಕಮ್ಮಿ ಇರೋ ಡಬ್ಬಿ ಮುಟ್ಟಬಾರ್ದು, ಅರವತ್ತಾದ್ರೆ ಇನ್ನೂ ನಿಶ್ಚಿಂತೆ. ಡಬ್ಬಿ ಯಾವತ್ತೂ ಏದುಸಿರು ಬಿಡಬಾರ್ದು.”

“ಡಬ್ಬಿ ಜಾಸ್ತಿ ವ್ಯಾಟಿಂದಾದ್ರೆ ಪಟ್ಟಿ ಮತ್ತೆ ಸುಡಲ್ವಾ?”

“ಇಲ್ಲ ಕಣೋ. ವೋಲ್ಟು ಸರಿಯಿದ್ರೆ ಪಟ್ಟಿ ತನಗೆ ಬೇಕಾದಷ್ಟೇ ಎಳ್ಕೊಳುತ್ತೆ. ನೀನು ಸೌನಾನ ಒಂದೇ ಹದದ ಬಿಸಿಯಲ್ಲಿ ಇಡ್ತೀಯ, ಬಂದವ್ರು ಕೆಳಗೋ ಮೇಲೋ ಕೂತು ತಮಗೆ ಬೇಕಾದಷ್ಟು ಬೆವರ್ತಾರೆ ತಾನೇ? ಹಾಗೆ. ಇದಕ್ಕೆ ಸ್ಥಿರ ವೋಲ್ಟೇಜಿನ ಡಬ್ಬಿ ಅಂತಾರೆ. ಪಟ್ಟಿಗೆ ಇದೇ ಬೇಕು.”

“ಮತ್ತೆ ನೀನು ಹೇಳಿದ ಡ್ರೈವರು?”

“ಬಿಡಿ ಬಿಡಿ ಎಲ್‌ಇಡಿ ಮಣಿ ತಂದು ನೀನೇ ಸಾಲಾಗಿ ಬೆಸುಗೆ ಹಾಕಿದ್ರೆ ಅದಕ್ಕೆ ಡ್ರೈವರ್ ಬೇಕು. ಆ ಮಣಿಗಳು ದುರಾಸೆಯವು. ಬಿಟ್ರೆ ಮೂಗಿನ ತನಕ ಕುಡಿದು ಸಾಯ್ತಾವೆ. ಸಾಯ್ಮಿ ಕಲ್ಲಿಗೆ ನೀರು ಹಾಕೋದು ನೋಡಿದೀಯಲ್ಲ? ಕಲ್ಲು ಎಷ್ಟೇ ಕೆಂಪಗಿರ್ಲಿ, ಅವಳ ಸೌಟಿನ ಅಳತೆ ಬದಲಾಗಲ್ಲ. ಅದು ಡ್ರೈವರು. ಸ್ಥಿರ ಕರೆಂಟಿನ ಡಬ್ಬಿ. ಮಣಿಗೆ ಎಷ್ಟು ಮಿಲಿಆಂಪಿಯರ್ ಕರೆಂಟು ಅಂತ ಬರೆದಿದೆಯೋ ಅದನ್ನ ಮೀರದ್ದು ತರ್ಬೇಕು. ಸಾಲಿನ ಮಣಿಗಳ ವೋಲ್ಟೆಲ್ಲ ಕೂಡಿದ್ರೆ, ಡ್ರೈವರ್ ಮೇಲೆ ಬರೆದ ಕನಿಷ್ಠ, ಗರಿಷ್ಠ ವೋಲ್ಟುಗಳ ನಡುವೆ ಬರ್ಬೇಕು.”

ಓಯ್ವಾನ ಕಣ್ಣರಳಿತು. ಸಾಯ್ಮಿಯ ಸೌಟು ಅಂದ ಮೇಲೆ ಅವನಿಗೆ ಜಗತ್ತಿನ ವಿದ್ಯುಚ್ಛಾಸ್ತ್ರವೆಲ್ಲ ಅರ್ಥವಾದಂತಾಯಿತು. “ಸರಿ, ಡಬ್ಬಿ ಸಣ್ಣದಾಯ್ತು, ಅದಕ್ಕೇ ದೀಪ ಹೋಯ್ತು.”

“ಅದೊಂದೇ ಅಲ್ಲ. ಡಬ್ಬಿ ಎಲ್ಲಿಟ್ಟಿದ್ದೆ?”

ಓಯ್ವಾ ಎದೆಯುಬ್ಬಿಸಿದ. ತನ್ನ ಜಾಣತನ ಹೇಳಿಕೊಳ್ಳಲು ಕೊನೆಗೂ ಒಂದು ಅವಕಾಶ. “ಯಾರಿಗೂ ಕಾಣದ ಹಾಗೆ! ಸೌನಾದೊಳಗೆ, ಛಾವಣಿ ಮೂಲೇಲಿ, ಹಲಗೆ ಹಿಂದೆ.”

ತುವೋವಿ ಕಾಫಿ ಲೋಟ ಕೆಳಗಿಟ್ಟಳು. ಆಮೇಲೆ ಬಹಳ ಮುದ್ದಾಗಿ ಕೇಳಿದಳು, “ಓಯ್ವಾ, ಲೋಯ್ಲು ಎಲ್ಲಿಗೆ ಹೋಗುತ್ತೆ?”

“ಇದೂ ಒಂದು ಪ್ರಶ್ನೆನಾ? ಮೇಲಕ್ಕೆ! ಸೀದಾ ಛಾವಣಿಗೆ. ಅಲ್ಲಿ ತಿರುಗಿ ಮೂಲೆಗೆ ನುಗ್ಗುತ್ತೆ. ಹೊಸಬರಿಗೆಲ್ಲ ನಾನೇ ಹೇಳ್ಕೊಡೋದು, ಮೇಲ್ಜಗಲಿ ಮೂಲೇಲಿ ಕೂರ್ಬೇಡಿ, ಕಿವಿ ಬೆಂದು ಹೋಗುತ್ತೆ ಅಂತ. ಆ ಮೂಲೇಲಿ ಕೂತು ತಡ್ಕೊಳೋ ಗಂಡಸು ಈ ಊರಲ್ಲಿ ನಾನೊಬ್ಬನೇ…”

ಮಾತು ಅಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು. ಏಲಕ್ಕಿ ಬನ್ನು ಕೈಯಲ್ಲೇ ಉಳಿಯಿತು.

“ಆ ಡಬ್ಬಿ ಫಿನ್ಲೆಂಡಿನಲ್ಲಿ ಹುಟ್ಟಿದ್ದಲ್ಲ ಕಣೋ!” ಎಂದು ತುವೋವಿ ಗುಡುಗಿದಳು. ಛಾವಣಿಯ ಹಿಮ ದಢಾರನೆ ಜಾರಿತು. “ಮೇಲೆ ತೊಂಬತ್ತು ಡಿಗ್ರಿ. ಡಬ್ಬಿಯ ಮೇಲೆ ಅದು ಎಷ್ಟು ಬಿಸಿ ತಡೆಯುತ್ತೆ ಅಂತ ಬರೆದಿರುತ್ತೆ, ನಲವತ್ತೋ ಐವತ್ತೋ. ಅದು ದೀಪ ಆರಿಸಿ ಪ್ರಾಣ ಉಳಿಸ್ಕೊಂಡಿದ್ದು ನಿನ್ನ ಪುಣ್ಯ. ಹೊತ್ತಿಕೊಂಡಿದ್ರೆ?”

ಓಯ್ವಾ ನಕ್ಕ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. “ನಾನು ಸೈತಾನನ್ನೇ ಓಡಿಸಿದ ಜಾಗದಲ್ಲಿ ಪಾಪದ ಅಡಾಪ್ಟರ್‌ನ ಕೂರಿಸಿದೀನಲ್ಲೇ!”

“ಈಗ ಕೇಳು. ಡಬ್ಬಿ ಸೌನಾದ ಹೊರಗೆ, ಬಟ್ಟೆ ಬದಲಿಸೋ ಮುಂಗೋಣೆಯಲ್ಲಿ, ಒಣಗಿದ ಗೋಡೆ ಮೇಲೆ ಇರ್ಬೇಕು. ಸುತ್ತ ಗಾಳಿ ಆಡ್ಬೇಕು, ಮೇಲೆ ಟವೆಲ್ ನೇತುಹಾಕ್ಬೇಡ. ಒಳಗೆ ಹೋಗೋದು ಹನ್ನೆರಡು ವೋಲ್ಟಿನ ತಂತಿ ಮಾತ್ರ. ಬಿಸಿ ತಡೆಯೋ ಸಿಲಿಕೋನ್ ತಂತಿ, ಸ್ವಲ್ಪ ದಪ್ಪಂದು. ಸಣ್ಣ ತಂತಿನ ಉದ್ದ ಎಳೆದ್ರೆ ವೋಲ್ಟು ದಾರಿಯಲ್ಲೇ ಸೋರಿ ದೀಪ ಮಂಕಾಗುತ್ತೆ. ಪಟ್ಟಿನೂ ಸೌನಾಕ್ಕೆ ಅಂತಲೇ ಮಾಡಿದ್ದಿರ್ಲಿ, ಕೆಳಜಗಲಿ ಕೆಳಗೇ ಇರ್ಲಿ. ನಿನ್ನದು?”

“ಸೌನಾದ್ದೇ, ಅಂಗಡಿಯವನು ಹೇಳಿ ಕೊಟ್ಟ.”

“ಅಷ್ಟು ಬುದ್ಧಿ ಇತ್ತಲ್ಲ ಪುಣ್ಯಾತ್ಮ. ಇನ್ನೊಂದು ಮಾತು. ಡಬ್ಬಿ ಮೇಲೆ ಯುರೋಪಿನ ಸುರಕ್ಷತೆಯ ಸಿಇ ಗುರುತು, ಮಾಡಿದವರ ಹೆಸರು ಎರಡೂ ಇರ್ಲಿ. ತಂತಿ ತಂತಿ ತಗಲಿದ್ರೆ ತಾನೇ ನಿಲ್ಲೋ ರಕ್ಷಣೆ ಇರ್ಲಿ. ಮುಂಗೋಣೆಯಲ್ಲಿ ಪ್ಲಗ್ ಇದೆಯಾ?”

“ಇಲ್ಲ. ನಾನೇ ಒಂದು ಎಳೀತೀನಿ, ಬಿಡು.”

“ಕೈ ಮುರೀತೀನಿ! ಹನ್ನೆರಡು ವೋಲ್ಟಿನ ಕಡೆ ನಿನ್ನ ಆಟ ಏನಿದ್ರೂ ಆಡು. ಗೋಡೆಯ ಇನ್ನೂರ ಮೂವತ್ತರ ಕಡೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನೇ ಮುಟ್ಟಬೇಕು. ಅದು ಕಾನೂನು. ಕಾನೂನಿಗಿಂತ ಹೆಚ್ಚಾಗಿ ಅದು ಸಾಯ್ಮಿಯ ಪ್ರಾಣ.”

ಓಯ್ವಾ ಮರುದಿನ ಬೆಳಿಗ್ಗೆಯೇ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿದ.

ಎಲೆಕ್ಟ್ರಿಷಿಯನ್ ಬಂದು, ನೆಲಕ್ಕೆ ಕರೆಂಟು ಸೋರಿದರೆ ಕಣ್ಣು ಮಿಟುಕಿಸುವ ಮೊದಲೇ ಆರಿಸುವ ರಕ್ಷಣೆಯೊಂದಿಗೆ ಪ್ಲಗ್ ಹಾಕಿ ಹೋದ. ಓಯ್ವಾ ಅರವತ್ತು ವ್ಯಾಟಿನ ಹೊಸ ಡಬ್ಬಿ ತಂದ. ಅಂಗಡಿಯಲ್ಲಿ ಅದರ ಮೇಲಿನ ಬರಹವನ್ನು ಎಷ್ಟು ಗಟ್ಟಿಯಾಗಿ, ಎಷ್ಟು ಹೊತ್ತು ಓದಿದನೆಂದರೆ ಹಿಂದೆ ನಿಂತವರ ಗಡ್ಡ ಮೊಳಕಾಲಿಗೆ ಬಂತು. ತಂತಿ ಎಳೆದ. ಒಲೆಗೆ ಬರ್ಚ್ ಸೌದೆ ತುಂಬಿ, ಹಿಂದೆಂದೂ ಕಾಯಿಸದಷ್ಟು ಕಾಯಿಸಿ, ಸಂಜೆಯಿಡೀ ದೀಪ ಉರಿಸಿ ಪರೀಕ್ಷೆ ಮಾಡಿದ. ಆಗಾಗ ಮುಂಗೋಣೆಗೆ ಓಡಿ ಡಬ್ಬಿಯನ್ನು ಕರುವಿನ ಹಣೆಯಂತೆ ಮುಟ್ಟಿ ನೋಡಿದ. ಬೆಚ್ಚಗಿತ್ತು, ಅಷ್ಟೆ. ಸೌನಾದ ದಿನ ಬಂದಾಗಲೆಲ್ಲ ಹೀಗೇ ಒಬ್ಬನೇ ಪರೀಕ್ಷೆ ಮಾಡಿದ. ಸಾಯ್ಮಿಗೆ ಒಂದು ಮಾತೂ ಹೇಳಲಿಲ್ಲ. ಓಯ್ವಾ ಒಂದು ಸಂಗತಿಯನ್ನು ಹೇಳದೆ ಇಟ್ಟುಕೊಂಡದ್ದು ಅವನ ಬದುಕಿನಲ್ಲಿ ಅದೇ ಮೊದಲು. ಹೊಟ್ಟೆನೋವೇ ಬಂದುಬಿಟ್ಟಿತು.

ಕ್ರಿಸ್‌ಮಸ್ ಮುನ್ನಾದಿನ ಮಧ್ಯಾಹ್ನ. ಅಕ್ಕಿ ಗಂಜಿ ಉಂಡಾಗಿತ್ತು, ಅದೃಷ್ಟಕ್ಕೆಂದು ಅದರಲ್ಲಿ ಹಾಕುವ ಒಂದೇ ಬಾದಾಮಿ ಸಾಯ್ಮಿಯ ಪಾಲಿಗೆ ಸಿಕ್ಕಿತ್ತು.

“ಸೌನಾ ಕಾದಿದೆ,” ಅಂದ ಓಯ್ವಾ, ಕಿಟಕಿಯ ಕಡೆ ನೋಡುತ್ತ. “ಒಳಗೆ ಬರ್ಬೇಡ. ಬಾಗಿಲಲ್ಲಿ ನಿಂತು ನೋಡು. ಸಾಕು ಅನ್ನಿಸಿದ್ರೆ ವಾಪಸ್ ಹೋಗು.”

ಸಾಯ್ಮಿ ಬಂದಳು. ಬಾಗಿಲಲ್ಲಿ ನಿಂತಳು. ತುಂಬಾ ಹೊತ್ತು ನಿಂತಳು. ಬೆಳಕು ಮಿಸುಕಲಿಲ್ಲ. ಮುಂಗೋಣೆಯ ಗೋಡೆಯ ಮೇಲಿನ ಡಬ್ಬಿ ನೋಡಿದಳು. “ಇದ್ಯಾಕೆ ಹೊರಗಿದೆ?”

“ಅದಕ್ಕೆ ನಿನ್ನ ಗಂಡನಷ್ಟು ತಾಕತ್ತಿಲ್ಲ.”

ಸಾಯ್ಮಿಯ ತುಟಿ ಅಲುಗಿತು. ಒಂದು ಕಾಲಿಟ್ಟಳು. ಓಯ್ವಾ ಉಸಿರು ಬಿಗಿಹಿಡಿದ. ಇನ್ನೊಂದು ಕಾಲು. ಹಲಗೆಯ ಅಂಚು, ಮರದ ಗಂಟು, ಒದ್ದೆಯ ಹೊಳಪು, ಎಲ್ಲ ಕಾಣುತ್ತಿತ್ತು. ಕೆಳಜಗಲಿ. ಮೇಲ್ಜಗಲಿ. ತನ್ನ ಜಾಗದಲ್ಲಿ ಕೂತು ಸುತ್ತ ಕಣ್ಣಾಡಿಸಿ, ಕೊನೆಗೆ ಗಂಡನ ಮೇಲೆ ನಿಲ್ಲಿಸಿದಳು.

“ಅಯ್ಯೋ ದೇವರೇ! ನಿನ್ನ ಹೊಟ್ಟೆ ಇಷ್ಟು ದೊಡ್ಡದಾಗಿದ್ದು ಯಾವಾಗ?”

“ಬೆಳಕು ಹೆಚ್ಚಾಯ್ತು ಅನ್ಸುತ್ತೆ,” ಅಂದ ಓಯ್ವಾ. “ಡಿಮ್ಮರ್ ಹಾಕ್ಬೇಕು.”

“ತುವೋವಿನ ಕೇಳಿ ಹಾಕು. ಈಗ ಆ ಸೌಟು ಕೊಡು.”

ಸಾಯ್ಮಿ ನೀರು ಹಾಕಿದಳು. ಬುಸ್ಸೆಂದು ಎದ್ದ ಲೋಯ್ಲು ಛಾವಣಿಗೆ ಹೋಗಿ, ಖಾಲಿ ಮೂಲೆಯಲ್ಲಿ ತಿರುಗಿ, ಇಬ್ಬರ ಹೆಗಲ ಮೇಲೂ ರೇಷ್ಮೆಯಂತೆ ಇಳಿಯಿತು. ಓಯ್ವಾನ ಕಣ್ಣಲ್ಲಿ ನೀರು. ಬೆವರು ಅಂದ. ಸಾಯ್ಮಿ ನಂಬಿದಂತೆ ನಟಿಸಿದಳು, ಆದರೆ ಅಷ್ಟು ಬೆಳಕಿನಲ್ಲಿ ಸುಳ್ಳು ಹೇಳುವುದು ಬಲು ಕಷ್ಟ.

ಓದುಗ ಮಹಾಶಯರೇ, ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಳೇ ಅಡಾಪ್ಟರುಗಳು ಬಾಲ ಸುತ್ತಿಕೊಂಡು ಮಲಗಿರುತ್ತವೆ, ಅಲ್ಲವೇ? ಮಲಗಿರಲಿ, ಎಬ್ಬಿಸಬೇಡಿ. ಕೈಯಾರೆ ದೀಪ ಕಟ್ಟುವ ಸುಖ ಬಿಡಬೇಡಿ, ಆದರೆ ಮೊದಲು ದೀಪದ ಮೇಲಿನ ಬರಹ ಓದಿ, ಆಮೇಲೆ ಡಬ್ಬಿಯ ಮೇಲಿನದು ಓದಿ. ಪಟ್ಟಿಗೆ ಅದೇ ವೋಲ್ಟಿನ ಡಿ.ಸಿ. ಡಬ್ಬಿ, ಬಿಡಿ ಮಣಿಗೆ ಅಳತೆಯ ಕರೆಂಟು ಕೊಡುವ ಡ್ರೈವರ್. ಬೇಕಾದ ವ್ಯಾಟಿಗಿಂತ ಕಾಲು ಭಾಗವಾದರೂ ಹೆಚ್ಚಿನದನ್ನೇ ತನ್ನಿ. ಬಿಸಿಯೂ ನೀರೂ ತಾಕದ ಕಡೆ ಇಡಿ. ಗೋಡೆಯ ಕರೆಂಟನ್ನು ಬಲ್ಲವರ ಕೈಗೆ ಬಿಡಿ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ನಿಮ್ಮ ದೀಪದ ಮೇಲಿನ ನಂಬಿಕೆಯಲ್ಲಿ ಎತ್ತುತ್ತಾರೆ. ಆ ಕಾಲು ಕೆಳಗಿಳಿಯುವವರೆಗೂ ಬೆಳಕು ಇರಲಿ.